ನಾಲ್ಕು ಕಾಸಿಗೆ ಇಪ್ಪತ್ತು ಕಲ್ಲು

ರವಿವಾರ ಮಧ್ಯಾಹ್ನ ನಮ್ಮ ಮನೆಯ ಪಡಸಾಲೆ ನಮ್ಮದಲ್ಲ. ಅಣ್ಣನ ಮಗ ಮತ್ತು ಅವನ ಗೆಳೆಯರು ಅದನ್ನು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ಗೆ ಬರೆದುಕೊಟ್ಟುಬಿಟ್ಟಿದ್ದಾರೆ. ಒಬ್ಬ ಕಥೆ ನಡೆಸುವ, ಉಳಿದವರು ಕಥೆಯೊಳಗಿನ ವೀರರಾಗಿ ದಾಳ ಹಾಕಿ ಹೋರಾಡುವ ಆಟ ಅದು. ನಾನು ಪೇಪರ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂರುತ್ತೇನೆ. ಮೊನ್ನೆ ಕೇಶ್ವಾಪುರದ ಹುಡುಗನಿಗೆ ಜ್ವರ ಬಂತು. ಒಂದು ಆಳು ಕಡಿಮೆ ಬಿತ್ತು. "ಸುಮ್ನ ಕುಂತೀರಲ್ಲ ಕಾಕಾ, ಬರ್ರಿ" ಎಂದು ನನ್ನನ್ನೇ ಎಳೆದು ಕೂರಿಸಿದರು. ಆಯುಧ ಆರಿಸಿಕೊಳ್ಳಿ ಎಂದರು. ಪಟ್ಟಿ ಉದ್ದ ಇತ್ತು. ನಾನು ಕವಣೆ ಎಂದೆ.

ಎಲ್ಲರೂ ನಕ್ಕರು. "ಅದಕ್ಕ ಡಿ4 ಅಷ್ಟ ರೀ ಕಾಕಾ!"

ಡಿ4 ಅಂದರೆ 4 ಮುಖದ, ಗೋಪುರದಂಥ ದಾಳ. ಅದರಲ್ಲಿ ಬಿದ್ದಷ್ಟೇ ಎದುರಾಳಿಗೆ ಪೆಟ್ಟು. ದಾಳ ಅಂದಮೇಲೆ ಉರುಳಬೇಕು ಅಲ್ವಾ? ಇದು ಬಿದ್ದಲ್ಲೇ ಕೂತುಬಿಡುತ್ತದೆ. ಏನು ಮಾಡಿದರೂ 4ರ ಮೇಲೆ ಬೀಳುವುದಿಲ್ಲ. ಉದ್ದ ಕತ್ತಿಗೆ 8 ಮುಖದ ದಾಳ, ದೊಡ್ಡ ಕೊಡಲಿಗೆ 12 ಮುಖದ್ದು. ಕವಣೆ, ಚೂರಿ, ಕುಡಗೋಲು ಇವಕ್ಕೆಲ್ಲ ಈ ಗೋಪುರ. ಮೇಲಿಂದ ಕಲ್ಲಿಗೂ ರೊಕ್ಕ ಕೊಡಬೇಕಂತೆ. 20 ಕಲ್ಲಿಗೆ 4 ತಾಮ್ರದ ಕಾಸು. ಕಾಡು, ಗುಡ್ಡ, ಪಾಳುಬಿದ್ದ ಕೋಟೆ ಸುತ್ತುವ ಆಟದಲ್ಲಿ ಕಲ್ಲನ್ನು ಅಂಗಡಿಯಲ್ಲಿ ಕೊಳ್ಳಬೇಕು!

ದೂರದ ಲೆಕ್ಕ ಇನ್ನೂ ಚೆಂದ. ಉದ್ದ ಬಿಲ್ಲಿನ ಬಾಣ 600 ಅಡಿ ಹೋಗುತ್ತದೆ. ಕವಣೆ ಕಲ್ಲು 120 ಅಡಿಗೆ ಸುಸ್ತು. ರೋಮನ್ ಸೈನ್ಯದ ಬಗ್ಗೆ ಬರೆದ ವೆಜಿಟಿಯಸ್ ಬೇರೆಯೇ ಹೇಳುತ್ತಾನೆ. ಬಿಲ್ಲಿನವರಿಗೂ ಕವಣೆಯವರಿಗೂ ಅಭ್ಯಾಸದ ಗುರಿಯನ್ನು ಒಂದೇ 600 ಅಡಿ ದೂರದಲ್ಲಿ ನೆಡುತ್ತಿದ್ದರಂತೆ. ಕ್ರಿ.ಪೂ. 401ರಲ್ಲಿ ಪರ್ಷಿಯಾದಿಂದ ಊರಿಗೆ ಮರಳುತ್ತಿದ್ದ ಗ್ರೀಕ್ ಸೈನಿಕರನ್ನು ಒಂದು ಹಂತದಲ್ಲಿ ಕಾಪಾಡಿದ್ದು ರೋಡ್ಸ್ ದ್ವೀಪದ ಕವಣೆಯವರು. ಪರ್ಷಿಯನ್ನರು ಮುಷ್ಟಿಗಾತ್ರದ ಕಲ್ಲು ಬೀಸಿದರೆ, ಇವರ ಸೀಸದ ಗುಂಡು ಅದರ ಎರಡರಷ್ಟು ದೂರ ಹೋಗುತ್ತಿತ್ತು ಎಂದು ಅದೇ ಸೈನ್ಯದಲ್ಲಿದ್ದ ಕ್ಸೆನೊಫೋನ್ ಬರೆದಿದ್ದಾನೆ. ಮೈಯೊಳಗೆ ಹೊಕ್ಕ ಸೀಸದ ಗುಂಡನ್ನು ಹೇಗೆ ತೆಗೆಯಬೇಕು ಎಂದು ರೋಮಿನ ಸೆಲ್ಸಸ್ ತನ್ನ ವೈದ್ಯ ಗ್ರಂಥದಲ್ಲಿ ಹೇಳಿಕೊಟ್ಟಿದ್ದಾನೆ. ಗೋಪುರದ ದಾಳದಷ್ಟೇ ಪೆಟ್ಟು ಬೀಳುತ್ತಿದ್ದರೆ ವೈದ್ಯರು ಇಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದರಾ?

ಹುಡುಗರ ಉತ್ತರ ಒಂದೇ. "ಗೇಮ್ ಬ್ಯಾಲೆನ್ಸ್, ಕಾಕಾ." ಅಂದರೆ ಆಟದಲ್ಲಿ ಯಾವುದೂ ಅತಿಯಾಗಬಾರದು. ಈ ಮಾತಿನ ಮುಂದೆ ಯಾವ ಇತಿಹಾಸವೂ ನಿಲ್ಲುವುದಿಲ್ಲ. 1974ರಲ್ಲಿ ಆಟ ಶುರುವಾದಾಗ ಎಲ್ಲ ಆಯುಧಕ್ಕೂ ಒಂದೇ 6 ಮುಖದ ದಾಳ ಇತ್ತು. ಚೂರಿಗೂ ಅದೇ, ಎರಡು ಕೈಯ ಕತ್ತಿಗೂ ಅದೇ. 1975ರ ಪುರವಣಿಯಲ್ಲಿ ಒಂದೊಂದಕ್ಕೂ ಒಂದೊಂದು ದಾಳ ಹಂಚಿದರು. ಅಲ್ಲಿಂದ ಕವಣೆಯ ಮಾನ ಹೋಯಿತು. ಯಾಕೆ ಹೀಗಾಯಿತು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ, ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ಸೋದರತ್ತೆಯ ವಿಷಯ ಹೇಳಬೇಕು.

ಅತ್ತೆಯ ಹೊಲ ರೋಣದ ಕಡೆ. ಎರಿ ಭೂಮಿ. ಹಿಂಗಾರಿ ಬಿಳಿಜೋಳ ಹಾಲು ತುಂಬಿತೆಂದರೆ ಹಕ್ಕಿ ಹಿಂಡುಹಿಂಡಾಗಿ ಬೀಳುತ್ತಿದ್ದವು. ಹೊಲದ ನಡುವೆ ಅಟ್ಟಣಿಗೆ, ಅದರ ಮೇಲೆ ಅತ್ತೆ, ಕೈಯಲ್ಲಿ ಪುಂಡಿ ನಾರಿನ ಕವಣಿ. ಅವಳೇ ಹೊಸೆದದ್ದು. ಎರಿ ಹೊಲದಲ್ಲಿ ಕಲ್ಲೆಲ್ಲಿಂದ ಬರಬೇಕು? ಹಸಿ ಮಣ್ಣಿನ ಉಂಡೆ ಕಟ್ಟಿ, ಬಿಸಿಲಿಗೆ ಒಣಗಿಸಿ, ಬುಟ್ಟಿ ತುಂಬಿಟ್ಟುಕೊಳ್ಳುತ್ತಿದ್ದಳು. ಕಲ್ಲಾದರೆ ಮುಂದೆ ಕುಂಟೆಗೆ ಅಡ್ಡ ಬರುತ್ತದೆ. ಉಂಡೆ ಮಳೆ ಬಿದ್ದೊಡನೆ ಹೊಲಕ್ಕೇ ಸೇರುತ್ತದೆ.

ಮಾಮ ಒಡ್ಡಿನ ಮೇಲೆ ಬನ್ನಿ ಗಿಡದ ನೆರಳಲ್ಲಿ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕೂತಿದ್ದ. ಧಾರವಾಡ ಆಕಾಶವಾಣಿಯಲ್ಲಿ ರೈತರ ಕಾರ್ಯಕ್ರಮ. ಜೋಳದ ಬೆಳೆ ಕಾಪಾಡುವುದು ಹೇಗೆ ಎಂದು ಯಾರೋ ತಿಳಿದವರು ಸಮಾಧಾನವಾಗಿ ಹೇಳುತ್ತಿದ್ದರು. ಅವನ ಬೆನ್ನ ಹಿಂದಿನ ಸಾಲಿನಲ್ಲಿ ಹಕ್ಕಿಗಳು ಅಷ್ಟೇ ಸಮಾಧಾನವಾಗಿ ತಿನ್ನುತ್ತಿದ್ದವು. ಅತ್ತೆ ಕೂಗಿದಳು. ಮಾಮ ತಿರುಗಿ ನೋಡದೆ, ತಡೀ ಎಂದು ಕೈ ಎತ್ತಿದ. ಮತ್ತೆ ಕೂಗಿದಳು. ಮತ್ತೆ ಕೈ ಎತ್ತಿದ. ಆಮೇಲೆ ಕವಣಿಯ ತುದಿ ಚಟಾರ್ ಎಂದಿತು.

ರೇಡಿಯೋ ಒಡ್ಡಿನಿಂದ ಹಾರಿ ಬಿತ್ತು. ಹಿಂದಿನ ಮುಚ್ಚಳ ಒಂದು ಕಡೆ, ಸೆಲ್ಲುಗಳು ಇನ್ನೊಂದು ಕಡೆ. ತಿಳಿದವರ ಮಾತು "ಆದ್ದರಿಂದ ರೈತ ಬಾಂಧವರು" ಅನ್ನುವಲ್ಲಿಗೆ ನಿಂತಿತು. ಎತ್ತಿದ ಕೈ ಎತ್ತಿದ ಹಾಗೇ, ಮಾಮ ಸ್ವಲ್ಪ ಹೊತ್ತು ಕೂತೇ ಇದ್ದ. ಅತ್ತೆ ಅಟ್ಟಣಿಗೆಯಿಂದ ಅಂದದ್ದು ಇಷ್ಟೇ: "ಹಕ್ಕಿಗೆ ಒಗದೆ."

ಸಾಯುವವರೆಗೂ ಅದೇ ಮಾತು. ಮಾಮನ ಪ್ರಕಾರ ಗುರಿ ಇದ್ದದ್ದು ಅವನ ತಲೆಗೆ, ದೇವರ ದಯೆಯಿಂದ ತಪ್ಪಿತು. ಅವರ ಮಗನ ಪ್ರಕಾರ ಗುರಿ ರೇಡಿಯೋಗೇ, ತಪ್ಪಲೇ ಇಲ್ಲ. ಮನೆಗೆ ಬೀಗರು ಬಂದರೆ ಮಾಮ ಹೊಲಕ್ಕೆ ಕರೆದುಕೊಂಡು ಹೋಗಿ, ಅಟ್ಟಣಿಗೆಯಿಂದ ಒಡ್ಡಿನವರೆಗೆ ಹೆಜ್ಜೆ ಹಾಕಿ ಅಳೆದು ತೋರಿಸುತ್ತಿದ್ದ. ವರ್ಷ ಕಳೆದಂತೆ ಹೆಜ್ಜೆಗಳು ಜಾಸ್ತಿಯಾದವು. ಹೊಲ ಅಷ್ಟೇ ಇತ್ತು. ಒಂದು ಸೆಲ್ ಕೊನೆಗೂ ಸಿಗಲಿಲ್ಲ. ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡ ರೇಡಿಯೋ ಆಮೇಲೂ ಬಹಳ ದಿನ ಹಾಡಿತು, ಆದರೆ ಮಗ್ಗುಲಾಗಿ ಮಲಗಿಸಿದರೆ ಮಾತ್ರ.

ಇದನ್ನೆಲ್ಲ ಹುಡುಗರಿಗೆ ಹೇಳಿದೆ. ಆಟ ನಡೆಸುವವನು ಗಂಭೀರವಾಗಿ ಕೇಳಿದ: "ರೇಡಿಯೋದ್ದು ಎಚ್‌ಪಿ ಎಷ್ಟಿತ್ತು, ಕಾಕಾ?"

ಈ ಎಚ್‌ಪಿ ಅನ್ನೋದೂ, ಅಂದರೆ ಎಷ್ಟು ಪೆಟ್ಟು ತಾಳಬಹುದು ಅನ್ನುವ ಲೆಕ್ಕ, ನನಗೆ ಆಗದು. ಮೈಯೆಲ್ಲ ಬಾಣ ನೆಟ್ಟುಕೊಂಡವನು 8 ತಾಸು ನಿದ್ದೆ ಹೊಡೆದರೆ ಮರುದಿನ ಚೊಕ್ಕ ಆಗಿ ಏಳುತ್ತಾನೆ. ಹಾನಗಲ್ಲಿನಲ್ಲೋ ಲಕ್ಕುಂಡಿಯಲ್ಲೋ ವೀರಗಲ್ಲುಗಳನ್ನು ನೋಡಿ. ಕೆಳಗೆ ಹೋರಾಟ, ನಡುವೆ ಕರೆದೊಯ್ಯಲು ಬಂದ ಅಪ್ಸರೆಯರು, ಮೇಲೆ ಶಿವಲಿಂಗ. ನಿದ್ದೆ ಮಾಡಿ ಎದ್ದ ವೀರನಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಲೆಕ್ಕ ಹೇಳುತ್ತೇನೆ ಅಂದಿದ್ದೆನಲ್ಲ. ಆಟದ ಪಟ್ಟಿಯಲ್ಲಿ ಉದ್ದ ಕತ್ತಿಗೆ 15 ಚಿನ್ನದ ನಾಣ್ಯ, ಕವಣೆಗೆ 1 ಬೆಳ್ಳಿಯದು. ಬೆಲೆ ನೋಡಿ ದಾಳ ಕೊಟ್ಟಿದ್ದಾರೆ, ಬಡವರ ಆಯುಧ ಅಂತ ಕಡೆಗಣಿಸಿದ್ದಾರೆ ಎಂದೆ. ಅಣ್ಣನ ಮಗ ಕೂಡಲೇ ಪಟ್ಟಿಯಲ್ಲಿ ಬೆರಳಿಟ್ಟು ತೋರಿಸಿದ. ದೊಡ್ಡ ಬಡಿಗೆಗೆ ಬರೀ 2 ಬೆಳ್ಳಿ ನಾಣ್ಯ, ದಾಳ ಮಾತ್ರ ಕತ್ತಿಯಷ್ಟೇ, 8 ಮುಖದ್ದು. ಬಡಿಗೆಯ ವಿಷಯ ಬೇರೆ ಎಂದೆ. ಹೇಗೆ ಬೇರೆ ಎಂದು ಕೇಳಿದ. ಈಗಿನ ಹುಡುಗರಿಗೆ ಪ್ರಶ್ನೆ ಜಾಸ್ತಿ.

ಗ್ರೀಕರು ಕವಣೆಯ ಸೀಸದ ಗುಂಡಿನ ಮೇಲೆ ಅಕ್ಷರ ಮೂಡಿಸುತ್ತಿದ್ದರು. ಕೆಲವುದರ ಮೇಲೆ ದಂಡನಾಯಕನ ಹೆಸರು, ಕೆಲವುದರ ಮೇಲೆ "ತಗೋ" ಅನ್ನುವ ಒಂದೇ ಮಾತು. ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಬಂದಿದ್ದರೆ ಆ ಉಂಡೆ ಯಾರಿಗೆ ಎಂದು ಅದರ ಮೇಲೇ ಬರೆದಿರುತ್ತಿದ್ದಳೇನೋ, ಮಾಮ ಬೀಗರನ್ನು ಕರೆದುಕೊಂಡು ಅಷ್ಟೊಂದು ನಡೆಯುವುದು ತಪ್ಪುತ್ತಿತ್ತು.