35 ದಿನಗಳ ತಿಂಗಳು

ನಮ್ಮ ರಾಯರು ಕಳೆದ ವಾರ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದರು. "ಫ್ಲೋರಿಡಾದಲ್ಲಿ ತಿಂಗಳಿಗೆ ಮೂವತ್ತೈದು ದಿನವಂತೆ, ನಿನಗೆ ಗೊತ್ತೇನಯ್ಯಾ?" ಎಂದು ಕೇಳಿದರು. ಪಾಪ, ವಯಸ್ಸಾಯಿತು ಎಂದುಕೊಂಡೆ. ವಿಚಾರಿಸಿ ನೋಡಿದರೆ ತಪ್ಪು ರಾಯರದಲ್ಲ.

ರಾಯರ ತಂಗಿ ಅಲ್ಲಿಗೆ ಹೋಗಿ ನೆಲೆಸಿ ಮೂವತ್ತು ವರ್ಷವಾಯಿತು. ಈಗ ಆಕೆಗೆ ಕ್ಯಾನ್ಸರ್. ಕೀಮೋ ಕೊಟ್ಟ ಮರುದಿನದಿಂದ ವಾಂತಿ. ಮಾತ್ರೆ ನುಂಗಿದರೆ ಮಾತ್ರೆ ಹೊರಗೆ, ಗಂಜಿ ಕುಡಿದರೆ ಗಂಜಿ ಹೊರಗೆ. ಗಂಜಿ ನಿಲ್ಲದ ಹೊಟ್ಟೆಗೆ ವೈದ್ಯರು ಗಾಂಜಾ ಶಿಫಾರಸು ಮಾಡಿದರು. ನುಂಗಿದ್ದು ಯಾವುದೂ ಉಳಿಯುವುದಿಲ್ಲವಾದ್ದರಿಂದ ಎಣ್ಣೆ, ಗುಳಿಗೆಗಳ ದಾರಿ ಮುಚ್ಚಿತ್ತು. ಹುಟ್ಟಿದಾಗಿನಿಂದ ಈರುಳ್ಳಿ ಮುಟ್ಟದ ಹೆಂಗಸು ಎಪ್ಪತ್ತರ ಹತ್ತಿರ ಬಂದು ಹೂವು ಪುಡಿ ಮಾಡಿ ಸೇದುವುದನ್ನು ಕಲಿತರು. ಸೇದಿದ ದಿನ ನಾಲ್ಕು ತುತ್ತು ಮೊಸರನ್ನ ಒಳಗೆ ನಿಲ್ಲುತ್ತದೆ. ಆ ರಾಜ್ಯದಲ್ಲಿ ಸೇದುವ ಹೂವು ಒಬ್ಬ ರೋಗಿಗೆ 35 ದಿನಕ್ಕೆ ಎರಡೂವರೆ ಔನ್ಸ್. ಕೈಯಲ್ಲಿ ಯಾವ ಹೊತ್ತಿಗೂ 4 ಔನ್ಸ್ ಮೀರಕೂಡದು. ಹೆಚ್ಚು ಬೇಕೆಂದರೆ ವೈದ್ಯರು ಇಲಾಖೆಗೆ ವಿನಾಯಿತಿ ಕೋರಿ ಅರ್ಜಿ ಹಾಕಬೇಕು.

ನಮ್ಮ ಪಂಚಾಂಗದವರು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ತಂದು ಸೂರ್ಯನಿಗೂ ಚಂದ್ರನಿಗೂ ರಾಜಿ ಮಾಡಿಸುತ್ತಾರೆ. ಅದಕ್ಕೊಂದು ಗಣಿತವಿದೆ. ಫ್ಲೋರಿಡಾದ ಶಾಸಕರು ಪ್ರತಿ ತಿಂಗಳಿಗೂ ನಾಲ್ಕೈದು ಅಧಿಕ ದಿನ ಅಂಟಿಸಿದ್ದಾರೆ. ಯಾವ ಗ್ರಹದ ಸಂಚಾರ ನೋಡಿ ಅಂಟಿಸಿದರೋ ತಿಳಿಯದು. ಇದೇ ಎರಡೂವರೆ ಔನ್ಸ್ ಅರಿಜೋನಾದಲ್ಲಿ 14 ದಿನದ ಪಡಿ. ಭಾಗಿಸಿ ನೋಡಿ: ಅರಿಜೋನಾದ ರೋಗಿ ಫ್ಲೋರಿಡಾದ ರೋಗಿಗಿಂತ ಸರಿಯಾಗಿ ಎರಡೂವರೆ ಪಟ್ಟು ಹೆಚ್ಚು ನರಳುತ್ತಾನೆ. ಶೇಷವೇ ಇಲ್ಲ. ಇಷ್ಟು ಕರಾರುವಾಕ್ಕಾದ ವೈದ್ಯಶಾಸ್ತ್ರ ಚರಕ, ಸುಶ್ರುತರ ಕೈಯಲ್ಲೂ ಆಗಿರಲಿಲ್ಲ.

ಔನ್ಸ್ ಎಂದರೆ ಎಷ್ಟು ಎಂದು ರಾಯರು ಕೇಳಿದರು. 28 ಗ್ರಾಂ ಚಿಲ್ಲರೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಧ ಚಟಾಕು ಎಂದೆ. ತಕ್ಷಣ ಅರ್ಥವಾಯಿತು. "ಒಗ್ಗರಣೆಗೆ ಹಾಕುವಷ್ಟು" ಎಂದರು. ಅಲಾಸ್ಕಾದ ರೋಗಿಗೆ ಈ ಅರ್ಧ ಚಟಾಕೇ ಮಿತಿ. ಓರೆಗಾನ್‌ನ ರೋಗಿ 24 ಔನ್ಸ್ ಇಟ್ಟುಕೊಳ್ಳಬಹುದು. ಚಳಿ ಹೆಚ್ಚಾದಂತೆ ನೋವು ಕಡಿಮೆಯಾಗುತ್ತದೆ ಎಂದು ಯಾರೋ ಸಂಶೋಧಿಸಿರಬೇಕು. ಓರೆಗಾನ್‌ನ ಪೂರ್ವಕ್ಕೆ ಸ್ನೇಕ್ ನದಿ, ಅದರಾಚೆ ಐಡಾಹೊ. ಆ ರಾಜ್ಯಕ್ಕೆ ವೈದ್ಯಕೀಯ ಗಾಂಜಾ ಎಂಬ ಮಾತೇ ಆಗಿಬರುವುದಿಲ್ಲ. ಸೇತುವೆಯ ಈ ತುದಿಯಲ್ಲಿ ರೋಗಿ, ಆ ತುದಿಯಲ್ಲಿ ಅಪರಾಧಿ. ನಡುವೆ ನಿಂತಾಗ ಏನೆನ್ನಬೇಕೋ. ಗೋವಾದಿಂದ ಬರುವಾಗ ಬಟ್ಟೆಯ ನಡುವೆ ಬಾಟಲಿ ಸುತ್ತಿಟ್ಟು ಗಡಿಯ ಚೆಕ್‌ಪೋಸ್ಟ್‌ನಲ್ಲಿ ಮುಖ ಮುಗ್ಧವಾಗಿಸಿಕೊಂಡವರಿಗೆ ಈ ಭೂಗೋಳವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆಲ್ಲ ಮೂಲಪುರುಷ ಕ್ಯಾಲಿಫೋರ್ನಿಯಾ. 1996ರಲ್ಲಿ ಅಲ್ಲಿನ ಮತದಾರರು ರೋಗಿಗೆ ಗಾಂಜಾ ಇರಲಿ ಎಂದು ನೇರವಾಗಿ ಮತ ಹಾಕಿ ಕಾನೂನು ಮಾಡಿಕೊಂಡರು. ಎಷ್ಟು ಎಂದು ಬರೆಯಲಿಲ್ಲ. ನೋವಿಗೆ ಎಷ್ಟು ಬೇಕೋ ಅಷ್ಟು ಎಂದುಕೊಂಡಿರಬೇಕು, ಜನ ತಾನೇ, ಬುದ್ಧಿ ಸಾಲದು. ಶಾಸಕರು ಬಿಡುತ್ತಾರೆಯೇ? 2003ರಲ್ಲಿ ತಕ್ಕಡಿ ತಂದರು: 8 ಔನ್ಸ್ ಒಣಗಿದ್ದು, ಬಲಿತ ಗಿಡ 6, ಇಲ್ಲವೇ ಎಳೆಯ ಗಿಡ 12. ಆ ಮಸೂದೆಯ ಸಂಖ್ಯೆ ಏನು ಗೊತ್ತೇ? 420.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಮೆರಿಕದಲ್ಲಿ 420 ಎಂದರೆ ಗಾಂಜಾದ ಗುಟ್ಟಿನ ಹೆಸರು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಶಾಲಾ ಹುಡುಗರು ಸಂಜೆ 4 ಗಂಟೆ 20 ನಿಮಿಷಕ್ಕೆ ಸೇರುತ್ತಿದ್ದುದರಿಂದ ಬಂದದ್ದಂತೆ. ನಮಗೆ ಅದೇ ಸಂಖ್ಯೆ ದಂಡಸಂಹಿತೆಯ ವಂಚನೆಯ ಕಲಂ. "ಅವನೊಬ್ಬ ಫೋರ್‌ಟ್ವೆಂಟಿ" ಎಂದು ನಮ್ಮಜ್ಜಿ ಇಂಗ್ಲಿಷಿನ ಒಂದಕ್ಷರ ತಿಳಿಯದೆಯೂ ಬೈಯುತ್ತಿದ್ದರು. 2024ರಲ್ಲಿ ನಮ್ಮ ಸರ್ಕಾರ ದಂಡಸಂಹಿತೆಯನ್ನೇ ಬದಲಿಸಿ ಆ ಕಲಮನ್ನು 318ಕ್ಕೆ ಒಯ್ದು ಕೂರಿಸಿತು. ವಂಚಕರು ಇದ್ದಲ್ಲೇ ಇದ್ದಾರೆ. ನೂರು ವರ್ಷ ಸಂಪಾದಿಸಿದ ಬಿರುದು ಮಾತ್ರ ಹೋಯಿತು. "ಅವನೊಬ್ಬ ತ್ರೀ ಎಯ್ಟೀನ್" ಎಂದು ಬೈದರೆ ಬೈಸಿಕೊಂಡವನು ಬಸ್ಸಿನ ನಂಬರೆಂದುಕೊಳ್ಳುತ್ತಾನೆ. ಇರಲಿ. 2010ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್, ಜನರೇ ಮಾಡಿದ ಕಾನೂನಿನ ಮೇಲೆ ಶಾಸಕರು ಹೀಗೆ ತೂಕದ ಕಲ್ಲು ಹೇರಿ ರೋಗಿಯ ರಕ್ಷಣೆಯನ್ನು ಕುಗ್ಗಿಸುವಂತಿಲ್ಲ ಎಂದಿತು. ತಕ್ಕಡಿ ತೆಗೆಯಲು 7 ವರ್ಷ ಹಿಡಿಯಿತು.

ರಾಜ್ಯಗಳದ್ದು ಹೀಗಾದರೆ ಒಕ್ಕೂಟ ಸರ್ಕಾರದ್ದು ಇನ್ನೂ ಸೊಗಸು. 1970ರ ಕಾಯಿದೆ ಗಾಂಜಾವನ್ನು ಮೊದಲನೆಯ ಪಟ್ಟಿಗೆ ಹಾಕಿತು. ಒಪ್ಪಿತ ವೈದ್ಯಕೀಯ ಉಪಯೋಗ ಇಲ್ಲದ ವಸ್ತುಗಳ ಪಟ್ಟಿ ಅದು. ಅದೇ ಸರ್ಕಾರ 1978ರಿಂದ ಮಿಸಿಸಿಪ್ಪಿಯ ವಿಶ್ವವಿದ್ಯಾಲಯದ ಹೊಲದಲ್ಲಿ ಬೆಳೆದ ಗಾಂಜಾವನ್ನು ಸಿಗರೇಟಿನಂತೆ ಸುತ್ತಿಸಿ, ಡಬ್ಬಿಗೆ ಸುಮಾರು 300ರಂತೆ ತುಂಬಿ, ಬೆರಳೆಣಿಕೆಯ ರೋಗಿಗಳಿಗೆ ಔಷಧಿಯೆಂದು ಕಳಿಸುತ್ತ ಬಂತು. 1992ರಲ್ಲಿ ಹೊಸಬರಿಗೆ ಬಾಗಿಲು ಮುಚ್ಚಿತು, ಹಳಬರಿಗೆ ಡಬ್ಬಿ ನಿಲ್ಲಿಸಲಿಲ್ಲ. 2003ರಲ್ಲಿ ಅದೇ ಸರ್ಕಾರದ ಆರೋಗ್ಯ ಇಲಾಖೆ ಈ ಗಿಡದ ಸತ್ವಗಳು ನರಕೋಶಗಳನ್ನು ಕಾಪಾಡುತ್ತವೆ ಎಂದು ಪೇಟೆಂಟ್ ಪಡೆಯಿತು. ಉಪಯೋಗವಿಲ್ಲದ ವಸ್ತುವಿನ ಉಪಯೋಗಕ್ಕೆ ಪೇಟೆಂಟ್! ನಡುವೆ 2002ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ರೋಗಿಯ ಮನೆಗೆ ಫೆಡರಲ್ ಅಧಿಕಾರಿಗಳು ಬಂದು 6 ಗಿಡ ಕಿತ್ತುಕೊಂಡು ಹೋದರು. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸ್ವಂತಕ್ಕೆ ಬೆಳೆದುಕೊಂಡು ಯಾರಿಗೂ ಮಾರದ ಹಿತ್ತಲ ಗಿಡವೂ ಅಂತರರಾಜ್ಯ ವ್ಯಾಪಾರದ ಮೇಲೆ ಪರಿಣಾಮ ಬೀರಬಲ್ಲದು ಎಂದು 2005ರಲ್ಲಿ 6 ನ್ಯಾಯಮೂರ್ತಿಗಳು ಒಪ್ಪಿದರು, 3 ಜನ ಒಪ್ಪಲಿಲ್ಲ. ನನ್ನ ಹೆಂಡತಿ ಕುಂಡದಲ್ಲಿ ಕರಿಬೇವು ನೆಟ್ಟಿದ್ದಾಳೆ. ಅಂದಿನಿಂದ ಯಶವಂತಪುರದ ಮಾರುಕಟ್ಟೆ ಕುಸಿದೀತೆಂದು ನನಗೆ ನಿದ್ದೆಯಿಲ್ಲ.

ಇಲ್ಲಿಯವರೆಗೆ ರಾಯರು ನಗುತ್ತ ಕೇಳಿದರು. ಆಮೇಲೆ ಅವರು ಹೇಳಿದ್ದಕ್ಕೆ ನನಗೆ ನಗು ಬರಲಿಲ್ಲ. ತಂಗಿಯ ಗಂಡ, ಮಕ್ಕಳೆಲ್ಲ ಅಮೆರಿಕದ ಪೌರರಾದರು. ಈಕೆ ಮಾತ್ರ ಊರಿನ ಮೋಹಕ್ಕೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಗ್ರೀನ್ ಕಾರ್ಡ್‌ನಲ್ಲೇ ಉಳಿದರು. ಈಗ ಪೌರತ್ವಕ್ಕೆ ಅರ್ಜಿ ಹಾಕೋಣವೆಂದರೆ ವಕೀಲರು ಬೇಡವೆಂದರಂತೆ. ಪೌರತ್ವಕ್ಕೆ ಸನ್ನಡತೆ ಬೇಕು. ರಾಜ್ಯದ ಕಾನೂನು ಒಪ್ಪಿದರೂ ಗಾಂಜಾ ಬಳಸಿದವರ ಸನ್ನಡತೆಗೆ ಕುಂದು ಬರಬಹುದೆಂದು ವಲಸೆ ಇಲಾಖೆ 2019ರಲ್ಲಿ ಸ್ಪಷ್ಟಪಡಿಸಿದೆ. ಫ್ಲೋರಿಡಾ ಸರ್ಕಾರವೇ ಕೊಟ್ಟ ರೋಗಿಯ ಕಾರ್ಡು ಒಂದು ಕೈಯಲ್ಲಿ, ಗ್ರೀನ್ ಕಾರ್ಡು ಇನ್ನೊಂದು ಕೈಯಲ್ಲಿ. ಎರಡನ್ನೂ ಒಟ್ಟಿಗೆ ತೋರಿಸುವಂತಿಲ್ಲ. ನಲವತ್ತೆಂಟು ಕಿಲೋಗೆ ಇಳಿದಿರುವ ಹೆಂಗಸು. ನಾಲ್ಕು ತುತ್ತು ಮೊಸರನ್ನ. ಇದರಲ್ಲಿ ನಡತೆ ಎಲ್ಲಿಂದ ಬಂತು? ಥೂ.

ನಮ್ಮಲ್ಲಾದರೆ ಈ ರಗಳೆಯಿಲ್ಲ, ರೋಗಿಗೆ ಇಷ್ಟು ಎಂಬ ಮಿತಿಯೇ ಇಲ್ಲ ಎಂದು ಬೀಗಬಹುದು. ನಿಜ. 1985ರ ಮಾದಕವಸ್ತು ಕಾಯಿದೆಯಡಿ ಒಂದು ಕಿಲೋವರೆಗಿನ ಗಾಂಜಾ ಅಲ್ಪ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಎರಡೂ ಜೈಲಿನ ಅಳತೆಗಳು, ಔಷಧಿಯವಲ್ಲ. ಹೂವಿನ ತೆನೆ ಅಪರಾಧ, ಅದೇ ಗಿಡದ ಬರಿಯ ಎಲೆ ಅಪರಾಧವಲ್ಲ. ಆ ಎಲೆಯಿಂದ ಮಾಡುವ ಭಂಗಿ ಆ ನಿಷೇಧದೊಳಗೆ ಬರುವುದಿಲ್ಲವೆಂದು ನಮ್ಮ ಹೈಕೋರ್ಟೂ 2022ರಲ್ಲಿ ಜಾಮೀನು ಕೊಡುತ್ತ ಹೇಳಿದೆ. ಮಿತಿಯೇ ಇಲ್ಲದೆ ಸುಖವಾಗಿರುವುದು ಇಲಿಗಳು. ಅದೇ ವರ್ಷ ಮಥುರಾದ ಪೊಲೀಸರು ಠಾಣೆಗಳಲ್ಲಿ ಜಪ್ತಿ ಮಾಡಿಟ್ಟಿದ್ದ 581 ಕಿಲೋ ಗಾಂಜಾವನ್ನು ಇಲಿಗಳು ತಿಂದುಬಿಟ್ಟವೆಂದು ನ್ಯಾಯಾಲಯಕ್ಕೆ ವರದಿ ಕೊಟ್ಟರಲ್ಲ. ರಾಯರ ತಂಗಿಯ ಪಡಿಯ ಲೆಕ್ಕದಲ್ಲಿ ಅದು ಸುಮಾರು 785 ವರ್ಷಕ್ಕೆ ಬರುತ್ತದೆ. ಹೊಯ್ಸಳರ ಕಾಲದಲ್ಲಿ ಸೇದಲು ಶುರು ಮಾಡಿದ್ದರೆ ಈಗ ಮುಗಿಯುತ್ತಿತ್ತು.

ಗಾಂಜಾ ಬಿಡಿ, ಮಾರ್ಫಿನ್ ಕಥೆ ಏನು? ಮಧ್ಯಪ್ರದೇಶದ ಮಂದಸೌರ್, ನೀಮಚ್ ಕಡೆ ಸರ್ಕಾರದ ಲೈಸೆನ್ಸಿನಲ್ಲೇ ಅಫೀಮು ಬೆಳೆಯುತ್ತದೆ, ಹೊರದೇಶಕ್ಕೂ ಹೋಗುತ್ತದೆ. ಇಲ್ಲಿ 1985ರ ಕಾಯಿದೆಗೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕಾಯಿದೆ ತಿದ್ದಲು 2014ರವರೆಗೆ ಕಾಯಬೇಕಾಯಿತು. ನನ್ನ ಚಿಕ್ಕಪ್ಪ ಕಾಯಲಿಲ್ಲ. ಕೊನೆಯ ಹನ್ನೊಂದು ದಿನ ಅವರು ಕೂಗಿದ್ದು ಎದುರು ಮನೆಯವರಿಗೂ ಕೇಳಿಸಿತ್ತು. ಅವರ ತಲೆದಿಂಬಿನ ಪಕ್ಕ ಇದ್ದದ್ದು ಜ್ವರಕ್ಕೆ ಕೊಡುವ ಮಾತ್ರೆ. ಅದಕ್ಕೆ ಮಿತಿಯಿರಲಿಲ್ಲ, ಎಷ್ಟು ಬೇಕಾದರೂ ತರಬಹುದಿತ್ತು.

ರಾಯರು ಮತ್ತೆ ಫೋನ್ ಮಾಡಿದ್ದರು. ತಂಗಿಯ ಹೂವು 29ನೆಯ ದಿನಕ್ಕೇ ಮುಗಿದಿದೆಯಂತೆ. ವಿನಾಯಿತಿಯ ಅರ್ಜಿ ಹೋಗಿದೆ, ಉತ್ತರ ಬಂದಿಲ್ಲ. ಇನ್ನು 6 ದಿನ. "ಇಲ್ಲಿಂದ ಏನಾದರೂ ಕಳಿಸೋಣವೆಂದರೆ ಕಸೂರಿ ಮೇಥಿ ಕೇಳಿದ್ದಾಳೆ, ಬಾಯಿಗೆ ರುಚಿ ಬಂದೀತಂತೆ. ಕಾಲು ಕಿಲೋ ಒಣಗಿಸಿ ಕಟ್ಟಿಟ್ಟಿದ್ದೇನೆ" ಎಂದರು.

ನಾನು ಒಂದು ಕ್ಷಣ ಯೋಚಿಸಿದೆ.

"ಒಣಗಿದ ಹಸಿರು ಸೊಪ್ಪು ಬೇಡ ರಾಯರೇ, ಚಟ್ನಿಪುಡಿ ಕಳಿಸಿ" ಎಂದೆ.