ಟಬ್ ಅಗಲಕ್ಕಿಂತ ಆಳ ನೋಡಿ

ಮನೆಯಲ್ಲೇ ನೀರಿನಲ್ಲಿ ಹೆರಿಗೆ ಮಾಡಿಸಿಕೊಳ್ಳುವವರು ಆದಷ್ಟು ಅಗಲವಾದ ಟಬ್ ಆರಿಸಬೇಕು ಎಂದು ಲೇಖನದಲ್ಲಿ ಬರೆದಿದ್ದೀರಿ. ನನಗೆ ಅಗಲಕ್ಕಿಂತ ಆಳವೇ ಮುಖ್ಯ ಅನಿಸುತ್ತದೆ. ಮಂಡಿಯೂರಿ ಕೂತಾಗ ಹೊಟ್ಟೆ ಪೂರ್ತಿ ಮುಳುಗಿ, ನೀರು ಎದೆಯ ಹತ್ತಿರ ಬರಬೇಕು. ಆಗಲೇ ಮೈ ಹಗುರಾಗುವುದು, ಭಂಗಿ ಬದಲಿಸುವುದು ಸುಲಭವಾಗುವುದು. ಮಕ್ಕಳು ಆಡುವ ಟಬ್ ಅಗ್ಗ ಅಂತ ತಂದರೆ ಈ ಆಳ ಸಿಗೋದು ಕಷ್ಟ. ಅಂಚೂ ಗಟ್ಟಿಯಾಗಿರಬೇಕು. ನೋವು ಬಂದಾಗ ಇಡೀ ಭಾರ ಅದರ ಮೇಲೆಯೇ ಬೀಳುತ್ತದೆ ಅಲ್ವಾ?

ಗಾಳಿ ತುಂಬುವ ಟಬ್ ಆದರೆ ಮೊದಲೇ ಒಂದು ಸಲ ತುಂಬಿಸಿ ನೋಡಿ. ನಾವು ಹಾಗೆ ಮಾಡಿದ್ದಕ್ಕೇ ಗೀಸರ್‌ನ ಬಿಸಿನೀರು ಅರ್ಧಕ್ಕೇ ಮುಗಿಯುತ್ತದೆ ಎಂದು ಗೊತ್ತಾಯಿತು. 600 ಲೀಟರ್ ನೀರು ಅಂದರೆ 600 ಕಿಲೋ ತೂಕ. ಮಹಡಿ ಮನೆಯಾದರೆ ನೆಲ ತಡೆಯುತ್ತದೆಯೇ ಎಂದು ತಿಳಿದವರನ್ನು ಕೇಳಲೇಬೇಕು.

ಬಾಡಿಗೆ ಟಬ್ ಆದರೂ ಒಳಹೊದಿಕೆ ಮತ್ತು ಪೈಪು ಹೊಸದಿರಲಿ. ಹೀಟರ್ ಇರುವ ಟಬ್‌ನಲ್ಲಿ ದಿನಗಟ್ಟಲೆ ಮೊದಲೇ ನೀರು ತುಂಬಿಸಿಡಬೇಡಿ, ದಯವಿಟ್ಟು. ಬೆಚ್ಚಗೆ ನಿಂತ ನೀರಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯೊನೆಲ್ಲ ಬ್ಯಾಕ್ಟೀರಿಯಾ ಬೆಳೆಯುತ್ತದೆ. 2014ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಟಬ್‌ನಲ್ಲಿ ಹುಟ್ಟಿದ ಮಗುವಿಗೆ ಸೋಂಕು ತಗುಲಿ, ಆರೋಗ್ಯ ಇಲಾಖೆಯೇ ಎಚ್ಚರಿಕೆ ಕೊಟ್ಟಿತ್ತು. ಹೆರಿಗೆ ನೋವು ಶುರುವಾದ ಮೇಲೆ ತುಂಬಿಸಿದರೆ ಸಾಕು. ಥರ್ಮಾಮೀಟರ್ ಇಟ್ಟುಕೊಳ್ಳಿ, ನೀರು 37.5 ಡಿಗ್ರಿ ದಾಟಬಾರದು.

ಇನ್ನೊಂದು ಮಾತು. ಟಬ್ಬಿನ ಸುತ್ತ ಸೂಲಗಿತ್ತಿ ಓಡಾಡುವಷ್ಟು ಜಾಗ ಬಿಡಿ. ತುರ್ತಾಗಿ ಹೊರಬರಬೇಕಾದರೆ ಹೇಗೆ ಎಂದು ಅವರ ಜೊತೆ ಮೊದಲೇ ಮಾತಾಡಿಕೊಳ್ಳಿ.