ಅಟ್ಟ ಹತ್ತಿದ ಸಿಡಿಲು

ಶನಿವಾರ ಸಂಜೆ ಏಳಾದ ಮೇಲೆ ನಮ್ಮ ಊಟದ ಮೇಜಿನ ಮೇಲೆ ಊಟ ಇಡುವ ಹಾಗಿಲ್ಲ. ಅಲ್ಲಿ ಯುದ್ಧ ನಡೆಯುತ್ತಿರುತ್ತದೆ. ಒಂದು ಕಡೆ ನಮ್ಮೆಜಮಾನ್ರು, ವಯಸ್ಸು ನಲವತ್ತನಾಲ್ಕು. ಇನ್ನೊಂದು ಕಡೆ ಮಗ, ಎಂಟನೇ ಕ್ಲಾಸು. ನಡುವೆ ಮ್ಯಾಜಿಕ್ ದ ಗ್ಯಾದರಿಂಗ್ ಅನ್ನುವ ಕಾರ್ಡಿನ ಆಟ. ನಾನು ಸಾರಿನ ಪಾತ್ರೆ ಹಿಡಿದು ಬಂದರೆ ಸಾಕು, ಇಬ್ಬರೂ ಒಟ್ಟಿಗೆ "ಕಾರ್ಡು, ಕಾರ್ಡು!" ಅಂತ ಕಿರುಚುತ್ತಾರೆ. ಅದೊಂದು ವಿಷಯದಲ್ಲಿ ಅಪ್ಪ ಮಗನಿಗೆ ಇವತ್ತಿನವರೆಗೆ ಜಗಳ ಬಂದಿಲ್ಲ.

ಮಿಕ್ಕ ಎಲ್ಲದರಲ್ಲೂ ಬರುತ್ತದೆ. ನಾನು ಆಡುವುದಿಲ್ಲ, ಅದಕ್ಕೇ ನನ್ನನ್ನು ಜಡ್ಜ್ ಮಾಡಿದರು. ಆಡದವರಿಗೆ ಪಕ್ಷಪಾತ ಇರುವುದಿಲ್ಲವಂತೆ. ಆಡದವರಿಗೆ ಆಟವೂ ಗೊತ್ತಿರುವುದಿಲ್ಲ ಅಂತ ಯಾರಿಗೂ ಹೊಳೆಯಲಿಲ್ಲ.

ರಿಚರ್ಡ್ ಗಾರ್ಫೀಲ್ಡ್ ಅನ್ನುವ ಗಣಿತದ ಮನುಷ್ಯ ಮಾಡಿದ ಆಟ ಇದು. ಮಾರುಕಟ್ಟೆಗೆ ಬಂದದ್ದು 1993ರಲ್ಲಿ. ಒಬ್ಬೊಬ್ಬರ ಕಟ್ಟಿನಲ್ಲಿ ಕನಿಷ್ಠ 60 ಕಾರ್ಡು, ಒಬ್ಬೊಬ್ಬರಿಗೆ 20 ಪ್ರಾಣ. ಎದುರಿನವರ ಪ್ರಾಣ ಸೊನ್ನೆಗೆ ಇಳಿಸಿದರೆ ಗೆದ್ದ ಹಾಗೆ. ಇಷ್ಟೇ ಆಗಿದ್ದರೆ ನಾನು ಸುಖವಾಗಿರುತ್ತಿದ್ದೆ. ಇಸ್ಪೀಟಿನ ಎಕ್ಕದ ಮೇಲೆ "ನಾನು ಬಂದಾಗ ನೀನು ಎರಡು ಎಲೆ ಇಳಿಸು" ಅಂತ ಬರೆದಿರುವುದಿಲ್ಲ, ಅಲ್ವಾ? ಇಲ್ಲಿ ಬಹುಪಾಲು ಎಲೆಗಳ ಮೇಲೆ ಅಂಥದ್ದೊಂದು ಬರೆದಿರುತ್ತದೆ. ಅದೂ ಸೂಜಿ ಪೋಣಿಸುವಾಗ ಹಾಕುವ ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ. ನಮ್ಮೆಜಮಾನ್ರು ಚಿಕ್ಕವರಿದ್ದಾಗ ಪೆಟ್ಟಿಗೆ ಅಂಗಡಿಯ ಕುಸ್ತಿ ಟ್ರಂಪ್ ಕಾರ್ಡು ಆಡಿ ಬೆಳೆದವರು. ಎದೆ ಸುತ್ತಳತೆ ಯಾರದು ಜಾಸ್ತಿಯೋ ಅವರು ಗೆದ್ದರು, ಮುಗಿಯಿತು. ಆ ಆಟದಲ್ಲೂ "ರ್‍ಯಾಂಕ್‌ನಲ್ಲಿ ಮಾತ್ರ ಕಮ್ಮಿ ಇದ್ದವನು ಗೆಲ್ಲೋದು" ಅನ್ನುವುದಕ್ಕೆ ಹೊಡೆದಾಟ ಆಗಿ ಅಂಗಿ ಹರಿದುಕೊಂಡಿದ್ದರಂತೆ. ಅಂಥವರ ಕೈಗೆ ಸುಮಾರು 300 ಪುಟದ ನಿಯಮಾವಳಿ ಇರುವ ಆಟ ಸಿಕ್ಕರೆ ಏನಾಗಬೇಕು?

ಮೊದಲ ತಕರಾರು ತೆಗೆದವರು ಆಡುವವರಲ್ಲ, ನಮ್ಮತ್ತೆ. ಒಂದು ಶುಕ್ರವಾರ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಹಾಲಿನಿಂದ ಮಗ "ನಿಂದು ಸತ್ತೋಯ್ತು, ಗ್ರೇವ್‌ಯಾರ್ಡಿಗೆ ಹಾಕಪ್ಪ" ಅಂತ ಕೂಗಿದ. ಹಾಗಂದ್ರೆ ಏನೋ ಅಂತ ಅತ್ತೆ ಕೇಳಿದರು. ಇವನು ಸತ್ಯ ಹರಿಶ್ಚಂದ್ರ. "ಸ್ಮಶಾನ ಅಜ್ಜಿ" ಅಂದುಬಿಟ್ಟ. ಶುಕ್ರವಾರ, ದೀಪ ಹಚ್ಚುವ ಹೊತ್ತು, ಊಟದ ಮೇಜಿನ ಮೇಲೆ ಸ್ಮಶಾನ! ಆಟವೇ ನಿಂತುಹೋಗುತ್ತಿತ್ತು. ಕೊನೆಗೆ ರಾಜಿ ಆಯಿತು. ಸತ್ತ ಕಾರ್ಡು, ಕೆಲಸ ಮುಗಿದ ಕಾರ್ಡು ಎಲ್ಲ ಇನ್ನು ಮೇಲೆ "ಅಟ್ಟಕ್ಕೆ" ಹೋಗಬೇಕು. ನಮ್ಮ ಮನೆಯಲ್ಲಿ ಕೆಟ್ಟ ಮಿಕ್ಸಿ, ಮುರಿದ ಸೂಟ್‌ಕೇಸು ಎಲ್ಲ ಹೋಗುವುದು ಅಲ್ಲಿಗೇ. ಹಾಗಾಗಿ ಯಾರಿಗೂ ಕಷ್ಟ ಅನ್ನಿಸಲಿಲ್ಲ.

ನನ್ನ ಮೊದಲ ತೀರ್ಪು ಕರಡಿಯ ಕೇಸು. ಮಗನ ಕರಡಿ ಎರಡು ಏಟು ಬಿದ್ದರೆ ಸಾಯುವಂಥದ್ದು. ಅಪ್ಪ ಅದರ ಮೇಲೆ ಲೈಟ್ನಿಂಗ್ ಬೋಲ್ಟ್ ಎಸೆದರು. ಅದು ಮೂರು ಏಟಿನ ಸಿಡಿಲು. ಮಗ ತಕ್ಷಣ ಜೈಂಟ್ ಗ್ರೋತ್ ಹಾಕಿದ. ಅದನ್ನು ಹಾಕಿದರೆ ಕರಡಿಗೆ ಆ ಸರದಿ ಮುಗಿಯುವವರೆಗೆ ಮೂರು ಜಾಸ್ತಿ ಬಲ. ಈಗ ಕರಡಿ ಸತ್ತಿತೋ ಬದುಕಿತೋ?

ನಾನು ಒಗ್ಗರಣೆ ಸೌಟು ಹಿಡಿದುಕೊಂಡೇ ಹೇಳಿದೆ: "ಅಪ್ಪ ಮೊದಲು ಹಾಕಿದ್ರು. ಕ್ಯೂ ಅಂದ್ರೆ ಕ್ಯೂ. ಮೊದಲು ಬಂದೋರಿಗೆ ಮೊದಲು." ರೇಷನ್ ಅಂಗಡಿಯಲ್ಲಿ ನಿಂತು ಕಲಿತ ನ್ಯಾಯ ಅದು. ಮಗನ ಕಣ್ಣಲ್ಲಿ ನೀರು. ಅಪ್ಪ ವಿಜಯೋತ್ಸವ ಶುರು ಮಾಡಿದರು. ಆಮೇಲೆ ನಿಯಮ ತೆಗೆದು ನೋಡಿದರೆ ಎಲ್ಲ ಉಲ್ಟಾ! ಅಲ್ಲಿ ಕ್ಯೂ ಇಲ್ಲ, ಸ್ಟ್ಯಾಕ್ ಇದೆ. ಕೊನೆಗೆ ಹಾಕಿದ್ದು ಮೊದಲು ನಡೆಯುತ್ತದೆ. ಕರಡಿ ಮೊದಲು ದಪ್ಪ ಆಗಿ, ಆಮೇಲೆ ಸಿಡಿಲು ತಿಂದು, ಮೈ ಕೊಡವಿಕೊಂಡು ನಿಲ್ಲುತ್ತದೆ. ನನಗೆ ಇದು ಅರ್ಥವಾದದ್ದು ಹಾಟ್‌ಬಾಕ್ಸಿನಿಂದ. ಕೊನೆಗೆ ಬೇಯಿಸಿದ ಚಪಾತಿ ಮೇಲೆ ಕೂತಿರುತ್ತದೆ, ಅದನ್ನೇ ಮೊದಲು ತಿನ್ನುತ್ತಾರೆ. ಮೊದಲು ಬೇಯಿಸಿದ್ದು ತಳದಲ್ಲಿ ಬೆವರುತ್ತಾ ನನಗಾಗಿ ಕಾಯುತ್ತದೆ.

ಮುಂದಿನ ವಾರ ಅಪ್ಪ ಜಾಣರಾದರು. ತಾವೇ ಮೊದಲು ತಮ್ಮ ಕರಡಿಗೆ ಜೈಂಟ್ ಗ್ರೋತ್ ಹಾಕಿಕೊಂಡರು. ಮಗ ಅದರ ಮೇಲೆ ಸಿಡಿಲು ಎಸೆದ. ನಾನು ಚಪಾತಿ ನೆನೆಸಿಕೊಂಡು "ಮೊದಲು ಸಿಡಿಲು, ಕರಡಿ ಸತ್ತಿತು" ಅಂದೆ. "ಹಾಗಾದ್ರೆ ನನ್ನ ಗ್ರೋತ್ ಕಾರ್ಡು?" "ಟಾನಿಕ್ ತರೋ ಹೊತ್ತಿಗೆ ರೋಗಿ ಇಲ್ಲ ರೀ, ಅದೂ ಅಟ್ಟಕ್ಕೆ." ಈ ಸಲ ನಾನು ಸರಿ. ಆದರೆ ಅವತ್ತು ರಾತ್ರಿ ಅವರು ಮೊಸರನ್ನ ತಿಂದು ಮಾತಾಡದೆ ಮಲಗಿದರು.

ನಿಜವಾದ ಗಲಾಟೆ ಆದದ್ದು ಹೋದ ವರ್ಷ ಸೆಪ್ಟೆಂಬರಿನಲ್ಲಿ. ಬೆಂಗಳೂರಿನ ನಮ್ಮ ಗಿರಿನಗರದಲ್ಲಿ ಆಕಾಶವೇ ಹರಿದ ಹಾಗೆ ಮಳೆ. ಕರೆಂಟು ಹೋಯಿತು, ಹಿಂದೆಯೇ ವೈಫೈ. ಮೊಬೈಲ್ ಸಿಗ್ನಲ್ ಬೇಕಾದರೆ ನಮ್ಮ ಮನೆಯಲ್ಲಿ ಗೇಟಿನ ಹತ್ತಿರ ಹೋಗಿ ನಿಲ್ಲಬೇಕು. ಅಲ್ಲಿ ಮೊಣಕಾಲುದ್ದ ನೀರು. ಸರಿಯಾಗಿ ಆಗಲೇ ಮಗ ಟಾರ್ಮೋಗಾಯ್ಫ್ ಅನ್ನುವ ಪ್ರಾಣಿಯ ಕಾರ್ಡು ಇಳಿಸಿದ್ದ. ಅತ್ತೆ ಅದಕ್ಕೆ ಗಾಯಪ್ಪ ಅನ್ನುತ್ತಾರೆ.

ಗಾಯಪ್ಪನ ಸ್ವಭಾವ ವಿಚಿತ್ರ. ಅವನಿಗೆ ಸ್ವಂತ ಶಕ್ತಿ ಇಲ್ಲ. ಇಬ್ಬರ ಅಟ್ಟದಲ್ಲೂ ಒಟ್ಟು ಎಷ್ಟು ಬಗೆಯ ಕಾರ್ಡು ಇವೆಯೋ ಅಷ್ಟು ಅವನ ಬಲ. ಅದಕ್ಕಿಂತ ಒಂದು ಜಾಸ್ತಿ ಏಟು ಬಿದ್ದರೆ ಅವನು ಸಾಯುತ್ತಾನೆ. ಅವತ್ತು ಅಟ್ಟದಲ್ಲಿ ಇದ್ದದ್ದು ಎರಡೇ ಬಗೆ, ಪ್ರಾಣಿ ಮತ್ತು ಭೂಮಿ. ಅಂದರೆ ಗಾಯಪ್ಪ 2/3, ಬಲ ಎರಡು, ಸಾಯಲು ಮೂರು ಏಟು. ಅಪ್ಪ ಮೂರು ಏಟಿನ ಸಿಡಿಲು ಎಸೆದು "ಸತ್ತ!" ಅಂದರು. ಮಗ "ಇಲ್ಲ! ಸಿಡಿಲು ಇನ್‌ಸ್ಟಂಟ್ ಬಗೆ. ಅದು ಅಟ್ಟಕ್ಕೆ ಹೋದ ತಕ್ಷಣ ಮೂರು ಬಗೆ ಆಗುತ್ತೆ. ಗಾಯಪ್ಪ 3/4" ಅಂದ. "ಅದು ಅಟ್ಟಕ್ಕೆ ಹೋಗೋ ಮುಂಚೇನೇ ಇವನು ಹೆಣ!" "ಅಲ್ಲ!" "ಹೌದು!" ನನ್ನ ಚಪಾತಿ ಇಲ್ಲಿ ಕೆಲಸಕ್ಕೆ ಬರಲಿಲ್ಲ.

ಸರ್ಕಾರಿ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ 34 ವರ್ಷ ಕಳೆದ ನಮ್ಮ ಮಾವ ಎಮರ್ಜೆನ್ಸಿ ಲ್ಯಾಂಪ್ ಹಿಡಿದುಕೊಂಡು ರೂಮಿನಿಂದ ಹೊರಗೆ ಬಂದರು. ಕೆ.ಸಿ.ಎಸ್.ಆರ್. ಅಂದರೆ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿ ಅವರಿಗೆ ಬಾಯಿಪಾಠ. ವಿಷ್ಣು ಸಹಸ್ರನಾಮ ಮಧ್ಯೆ ಒಂದೆರಡು ಕಡೆ ತಪ್ಪಬಹುದು, ಇದು ತಪ್ಪುವುದಿಲ್ಲ.

"ಒಬ್ಬೊಬ್ರೇ ಮಾತಾಡಿ" ಅಂದರು. "ಕಾರ್ಡಲ್ಲಿ ಬರೆದಿರೋದನ್ನ ಓದು ಪುಟ್ಟಾ. ನಿನ್ನ ಅಭಿಪ್ರಾಯ ಬೇಡ."

ನಮ್ಮೆಜಮಾನ್ರು ಅಪ್ಪನಿಗೆ ಪಾಪ ಅಂತ ಸಾಫ್ಟ್‌ವೇರ್ ಭಾಷೆಯಲ್ಲಿ ಸಮಾಧಾನ ಹೇಳಹೊರಟರು. "ಅಪ್ಪಾ, ಇದು ನಿಮಗೆ ಆಗಲ್ಲ. 2019ರಲ್ಲಿ ಮೂವರು ಇದರ ಮೇಲೆ ಪ್ರಬಂಧ ಬರೆದಿದ್ದಾರೆ. ಕೆಲವು ಸಲ ಮುಂದೆ ಯಾರು ಗೆಲ್ತಾರೆ ಅಂತ ಯಾವ ಕಂಪ್ಯೂಟರೂ ಲೆಕ್ಕ ಹಾಕಿ ಹೇಳೋಕಾಗಲ್ಲ ಅಂತ ಸಾಬೀತು ಮಾಡಿದ್ದಾರೆ."

"ನೀನು ಪೆನ್ಷನ್ ಫಿಕ್ಸೇಶನ್ ನೋಡಿಲ್ಲ" ಅಂದರು ಮಾವ.

ವಿಚಾರಣೆ ಶುರುವಾಯಿತು. ಪುಸ್ತಕ ಒಂದು ಹೇಳಿ ಕಾರ್ಡು ಇನ್ನೊಂದು ಹೇಳಿದರೆ ಯಾವುದು ನಡೆಯುತ್ತೆ? ಕಾರ್ಡೇ ತಾತ, ನಿಯಮ 101.1. ಮಾವನ ಮುಖ ಅರಳಿತು. "ನಮ್ಮಲ್ಲೂ ಹಾಗೇ. 'ಏನೇ ಇದ್ದಾಗ್ಯೂ' ಅಂತ ಆದೇಶ ಬಂದ್ರೆ ಹಳೇ ನಿಯಮ ಬಾಯಿ ಮುಚ್ಕೊಂಡು ಕೂರಬೇಕು. ಸರಿ, ಈ ಸಿಡಿಲು ಅಟ್ಟಕ್ಕೆ ಯಾವಾಗ ಹೋಗುತ್ತೆ?"

"ಅದರ ಕೆಲಸದ ಕೊನೇ ಹೆಜ್ಜೇನೇ ಅದು ತಾತ."

"ಪ್ರಾಣಿ ಸತ್ತಿದ್ಯಾ ಅಂತ ನೋಡೋದು ಯಾವಾಗ?"

ಮಗ ಸ್ವಲ್ಪ ಹೊತ್ತು ಯೋಚಿಸಿದ. "ಸ್ಟೇಟ್ ಬೇಸ್ಡ್ ಆಕ್ಷನ್ ಅಂತ ಇದೆ. ಒಂದು ಕಾರ್ಡಿನ ಕೆಲಸ ಪೂರ್ತಿ ಮುಗಿದು, ಮುಂದಿನವರಿಗೆ ಅವಕಾಶ ಕೊಡೋ ಮುಂಚೆ ಆಟ ಎಲ್ಲಾನೂ ಒಂದ್ಸಲ ಚೆಕ್ ಮಾಡುತ್ತೆ. ಮಧ್ಯದಲ್ಲಿ ಮಾಡಲ್ಲ."

"ಅಂದ್ರೆ ಆಡಿಟ್ಟು" ಅಂದರು ಮಾವ. "ಬಿಲ್ ಪಾಸಾಗಬೇಕು. ಫೈಲು ರೆಕಾರ್ಡ್ ರೂಮಿಗೆ ಹೋಗಬೇಕು. ಆಮೇಲೆ ಆಡಿಟರ್ ಬರ್ತಾನೆ. ಬಂದಾಗ ಲೆಕ್ಕ ತಾಳೆ ಆಗುತ್ತಾ, ಅಷ್ಟೇ ಅವನು ನೋಡೋದು. ಮಧ್ಯೆ ಐದು ನಿಮಿಷ ಏನಾಗಿತ್ತು ಅಂತ ಯಾವ ಆಡಿಟರ್ ಕೇಳ್ತಾನೆ? ಈಗ ಬಿದ್ದ ಏಟು ಮೂರು, ಸಾಯೋಕೆ ಬೇಕಾದ್ದು ನಾಲ್ಕು. ಗಾಯಪ್ಪ ಬದುಕಿದಾನೆ. ಮುಂದಿನ ಕೇಸು."

ಗೋಡೆ ಗಡಿಯಾರದ ಸದ್ದು ಕೇಳಿಸುವಷ್ಟು ಮೌನ. "ಮೊಮ್ಮಗನ ಪರ ಹೇಳ್ತಿದೀರಿ" ಅಂತ ನಮ್ಮೆಜಮಾನ್ರು ಗೊಣಗಿದರು. ಬೆಳಿಗ್ಗೆ ನೀರು ಇಳಿದ ಮೇಲೆ ಅವರೇ ಗೇಟಿನ ಹತ್ತಿರ ಪೈಜಾಮ ಎತ್ತಿಕೊಂಡು ನಿಂತು ಹುಡುಕಿದರು. ಮಾವ ಹೇಳಿದ್ದು ಅಕ್ಷರಶಃ ಸರಿ. ಜಡ್ಜುಗಳನ್ನು ತಯಾರು ಮಾಡುವವರು ಕೇಳುವ ಹಳೇ ಪ್ರಶ್ನೆಯಂತೆ ಅದು.

ನನ್ನ ಕೆಲಸ ಹೋಯಿತು. ಬೇಸರವೇನೂ ಇಲ್ಲ, ಆದರೆ ಹೊಸ ಜಡ್ಜಿಗೆ ಪುಸ್ತಕ ಬೇಕಾಯಿತು. ಮೊಬೈಲಿನಲ್ಲಿ ಓದುವುದಿಲ್ಲ, ಕಾಗದದ ಮೇಲೇ ಬೇಕು. ಶ್ರೀನಗರ ಬಸ್ ಸ್ಟಾಂಡ್ ಹತ್ತಿರ ಪ್ರಿಂಟ್ ಹಾಕಿಸಲು ನಾನೇ ಹೋದೆ. ಜೆರಾಕ್ಸ್ ಅಂಗಡಿಯವನು ಪುಟ ಬರುತ್ತಲೇ ಇರುವುದನ್ನು ನೋಡಿ "ಕೆಪಿಎಸ್‌ಸಿ ಪರೀಕ್ಷೆಗಾ ಮೇಡಂ?" ಅಂತ ಕೇಳಿದ. ಹೌದು ಅಂದೆ. ಕಾರ್ಡಾಟಕ್ಕೆ ಅಂದರೆ ಅವನು ನನ್ನನ್ನು ನೋಡುವ ರೀತಿ ಬೇರೆಯಾಗುತ್ತಿತ್ತು. ಸ್ಪೈರಲ್ ಬೈಂಡಿಂಗ್ ಮಾಡಿ, ಆಲ್ ದ ಬೆಸ್ಟ್ ಹೇಳಿ ಕಳಿಸಿದ.

ಮಾವ ಆರು ತಿಂಗಳು ಅದನ್ನು ಕೆಂಪು ಪೆನ್ನು ಹಿಡಿದು ಓದಿದರು. ಇಷ್ಟವಾದ ನಿಯಮಗಳನ್ನು ಅಡುಗೆಮನೆಗೆ ಬಂದು ನಮಗೆಲ್ಲ ಓದಿ ಹೇಳಿದರು. ಅದರಲ್ಲಿ ಒಂದು 101.2. ಒಂದು ಕಾರ್ಡು "ಮಾಡಬಹುದು" ಅಂತ ಹೇಳಿ, ಇನ್ನೊಂದು "ಮಾಡುವಂತಿಲ್ಲ" ಅಂದರೆ, ಮಾಡುವಂತಿಲ್ಲ ಅನ್ನುವುದೇ ಗೆಲ್ಲುತ್ತದೆ. "ಎಂಥಾ ಡ್ರಾಫ್ಟಿಂಗು!" ಅಂತ ಅದಕ್ಕೆ ಎರಡು ಸಲ ಗೆರೆ ಎಳೆದಿದ್ದರು. ಅತ್ತೆ ತೆಂಗಿನಕಾಯಿ ತುರಿಯುತ್ತಾ ಸುಮ್ನೆ ಕೇಳಿಸಿಕೊಂಡಿದ್ದರು.

ಈ ಯುಗಾದಿಗೆ ಒಬ್ಬಟ್ಟು ಮಾಡಿದ್ದೆವು. ಮಾವನಿಗೆ ಶುಗರ್. ಡಾಕ್ಟರು ಸಿಹಿ ತಿನ್ನುವಂತಿಲ್ಲ ಅಂದಿದ್ದಾರೆ. ಮಾವ ಎಲೆಯ ಮುಂದೆ ಕೂತು "ಹಬ್ಬದ ದಿನ ಒಂದು ತಿನ್ನಬಹುದು ಅಂತ ಹಿಂದಿನಿಂದಲೂ ಇದೆ" ಅಂತ ಕೈ ಚಾಚಿದರು.

ಅತ್ತೆ ತುಪ್ಪದ ಗಿಂಡಿ ಕೆಳಗಿಟ್ಟರು. "101.2" ಅಂದರು.

ಒಬ್ಬಟ್ಟು ಮೊಮ್ಮಗನ ಎಲೆಗೆ ಹೋಯಿತು. ಮಾವ ಎಡಗೈಯಲ್ಲೇ ಪುಸ್ತಕ ತೆಗೆದು, ಕನ್ನಡಕ ಏರಿಸಿ, 101.1 ಹುಡುಕಿದರು. ಕಾರ್ಡಿನ ಮೇಲೆ ಬರೆದಿದ್ದರೆ ಮಾತ್ರ ನಿಯಮ ಮೀರಬಹುದು ಅಂತ ಅಲ್ಲಿದೆ. ಮಗ ಒಬ್ಬಟ್ಟನ್ನು ತಿರುಗಿಸಿ ಎರಡೂ ಕಡೆ ನೋಡಿದ. ಏನೂ ಬರೆದಿರಲಿಲ್ಲ.